ದೇಸೂರು ದಾಟಿದ ಮ್ಯಾಲೆ ನಿಲ್ಲೋ ಗಾಡಿ

ನನ್ನ ಹೆಂಡತಿ ತೀರಿಕೊಂಡಾಗ ಮಗಳಿಗೆ ಒಂದೂವರಿ ವರ್ಷ. ಎಪ್ಪತ್ತರ ದಶಕ ಮುಗಿಯೋ ಹೊತ್ತಿನ ಮಾತಿದು. ನಾನು ಬೆಳಗಾವಿಯ ಒಂದು ಫೌಂಡ್ರಿಯೊಳಗ ಎಲೆಕ್ಟ್ರಿಶಿಯನ್. ಕೂಸನ್ನ ನೋಡಿಕೊಳ್ಳಾಕ ಮನಿಯೊಳಗ ಯಾರೂ ಇರಲಿಲ್ಲ, ಹಿಂಗಾಗಿ ಖಾನಾಪುರದಾಗ ಅತ್ತಿ ಮನಿಯೊಳಗ ಬಿಟ್ಟೆ. ಅಲ್ಲಿ ಹೆಂಡತಿಯ ಅಣ್ಣ, ಅವನ ಹೆಂಡತಿ ಇದ್ದರು, ಅವರಿಗೆ ಮಕ್ಕಳಿರಲಿಲ್ಲ. ಬಿಟ್ಟು ಬರೋ ದಿನ ಅತ್ತಿ ಬಾಗಲದಾಗ ನಿಂತು ಒಂದ ಮಾತು ಹೇಳಿದರು. "ಸ್ವಲ್ಪ ದೊಡ್ಡಾಕಿ ಆಗಲಿ, ನಿಮ್ಮ ಮಗಳನ್ನ ನೀವು ಕರಕೊಂಡು ಹೋಗ್ರಿ. ಆದರ ವಾರಕ್ಕೊಮ್ಮೆ ಬಂದು ಮಾರಿ ತೋರಸ್ರಿ. ಸಣ್ಣ ಕೂಸು, ಮರೀತದ."

"ಪ್ರತಿ ರವಿವಾರ ಬರ್ತೀನ್ರಿ" ಅಂದೆ.

ನನ್ನ ಹಂತ್ಯಾಕ ಒಂದು ಹಳೇ ಮೋಟರ್‌ಸೈಕಲ್ ಇತ್ತು. ಹೆಂಡತಿನ್ನ ಹಿಂದ ಕುಂದರಿಸಿಕೊಂಡು ಖಾನಾಪುರಕ್ಕ ಹೋಗಿ ಬಂದದ್ದೆಲ್ಲಾ ಅದರ ಮ್ಯಾಲೇ. ಆಕಿ ಹೋದ ಮ್ಯಾಲೆ ಅದಕ್ಕೊಂದು ರೋಗ ಹತ್ತಿತು. ಊರಾಗ ಎಲ್ಲಾ ಸರಿ. ಮಚ್ಛೆ ದಾಟತಿತ್ತು, ದೇಸೂರು ದಾಟತಿತ್ತು, ಅಲ್ಲಿಂದ ಮುಂದ ಜಾಂಬೋಟಿ ಕಡಿಯಿಂದ ಥಂಡಿ ಹವಾ ಬೀಸೋ ಬಯಲಿನ್ಯಾಗ ಟಕ್ ಅಂತ ಬಂದ್. ದೀಪ ಇಲ್ಲ, ಹಾರ್ನ್ ಇಲ್ಲ. ಜಪ್ಪಯ್ಯ ಅಂದರೂ ಚಾಲೂ ಆಗತಿರಲಿಲ್ಲ. ಅರ್ಧಾ ತಾಸು ಬಿಟ್ಟು ಒದ್ದರ, ಏನೂ ಆಗೇ ಇಲ್ಲದಂಗ ಓಡತಿತ್ತು. ನಾ ಹೋಗಿ ಮುಟ್ಟೂದರಾಗ ಮಧ್ಯಾಹ್ನ, ಕೂಸು ಉಂಡು ಮಲಗಿರತಿತ್ತು. ಒಂದೊಂದು ವಾರ ಗಾಡಿ ನಿಲ್ಲತಿರಲಿಲ್ಲ. ಆಗ ರಿಪೇರಿ ಆತಂತ ನಾ ಮೀಸಿ ತಿರುವತಿದ್ದೆ. ಮುಂದಿನ ವಾರ ಮತ್ತ ಅದೇ ಹಾಡು.

ಫೌಂಡ್ರಿಯೊಳಗ ಎಂತೆಂಥಾ ಮೋಟರು ಚಾಲೂ ಮಾಡಿದಾಂವ ನಾನು. ನನ್ನ ಗಾಡಿ ನನ್ನ ಕೈಗೆ ಸಿಗವಲ್ದು ಅಂದ್ರ ಸಿಟ್ಟು ನೆತ್ತಿಗೇರಿತು. ಬ್ಯಾಟರಿ ಬದಲಿ ಮಾಡಿದೆ. ಪ್ಲಗ್ಗು, ಪಾಯಿಂಟು, ಕಾಯಿಲು, ಒಂದೂ ಬಿಡಲಿಲ್ಲ. ಹ್ಯಾಂಡಲ್ ತಿರುಗೋ ಜಾಗಾದಾಗ ವೈರು ಒಳಗಿಂದೊಳಗ ಕಡದಿರಬೇಕಂತ ಅದನ್ನೂ ಹೊಸಾದು ಎಳದೆ. ಒಂದು ರವಿವಾರ ಹೋಗೋದು ತಪ್ಪಿತು, ಆಮ್ಯಾಲೆ ಎರಡು, ಆಮ್ಯಾಲೆ ಎಣಸೋದು ಬಿಟ್ಟೆ. ಅತ್ತಿ ಎರಡು ಸಲ ಕಾರ್ಡು ಬರಸಿದರು. ಮಗಳು ಮಾತಾಡಾಕ ಹತ್ಯಾಳ, ಬಂದು ಕೇಳ್ರಿ ಅಂತ. ಆ ಕಾರ್ಡು ಕಿಸೇದಾಗ ಇಟಗೊಂಡು ನಾನು ಅಂಗಳದಾಗ ಗಾಡಿ ಬಿಚ್ಚಿಕೊಂಡು ಕುಂದರತಿದ್ದೆ.

ಬಸ್ಸಿರಲಿಲ್ಲೇನು ಅಂತ ನೀವು ಕೇಳಬಹುದು. ಇತ್ತು. ರೈಲೂ ಇತ್ತು. ಖರೇ ಹೇಳತೀನಿ, ಆ ಮನಿ ಹೊಸ್ತಿಲಾ ತುಳಿಯೋ ಧೈರ್ಯ ನನಗಿರಲಿಲ್ಲ. ಮಗಳದು ಥೇಟ್ ಅವರವ್ವನ ಮಾರಿ. ಎತ್ತಿಕೊಂಡ್ರ ನನ್ನ ಎದಿ ಒಡೀತಿತ್ತು. ಗಾಡಿ ಕೆಟ್ಟದ ಅಂದ್ರ ಹೋಗದೇ ಇರಾಕ ಒಂದು ನೆವಾ ಸಿಗತಿತ್ತು. ಇದು ನನಗ ಆಗ ಗೊತ್ತಿರಲಿಲ್ಲ ಅಂತ ಸುಳ್ಳು ಹೇಳಂಗಿಲ್ಲ.

ವಡಗಾವಿಯೊಳಗ ಗಾಡಿ ವೈರಿಂಗ್ ಮಾಡೋ ಮುದುಕ ಮಿಸ್ತ್ರಿ ಒಬ್ಬರಿದ್ದರು. ನಾವೆಲ್ಲಾ ಚಾಚಾ ಅಂತಿದ್ದಿವಿ. ಬಾಜೂಕ ಮಗ್ಗದ ಸಪ್ಪಳದಾಗ ಎಂಜಿನ್ ದನಿ ಕೇಳಸತಿರಲಿಲ್ಲ, ಅದಕ್ಕ ಅವರು ಪೆಟ್ರೋಲ್ ಟಾಕಿ ಮ್ಯಾಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ಎಂಜಿನ್ ನಡುಕ ನೋಡತಿದ್ದರು. ವರ್ಷ ದಾಟಿದ ಮ್ಯಾಲೆ ಸೋತು ಅವರ ಕಡೆ ಹೋದೆ. ಏನೇನು ಬದಲಿ ಮಾಡಿದೆ ಅಂತ ಕೇಳಿ ಚಾಚಾ ನಕ್ಕರು.

"ನೀ ರಿಪೇರಿ ಮಾಡಿಲ್ಲ ಬೇಟಾ, ಗಾಡಿ ಮ್ಯಾಲೆ ಸಿಟ್ಟು ತೀರಿಸಿಕೊಂಡಿ. ಅದು ತಾನಾಗೇ ಬಂದ್ ಬೀಳೂತನಕಾ ಏನೂ ಮುಟ್ಟಬಾರದು, ಕಾಯಬೇಕು." ಆಮ್ಯಾಲೆ ಮಗಳ ಸುದ್ದಿ ಕೇಳಿದರು. ಹೇಳಿದೆ. "ಗಾಡಿ ಇಲ್ಲೇ ಬಿಡು, ಬಸ್ಸಿಗೆ ಹೋಗು" ಅಂದರು. ನಾ ಗಾಡಿ ಬಿಡಲೂ ಇಲ್ಲ, ಹೋಗಲೂ ಇಲ್ಲ.

ಜಿಟಿಜಿಟಿ ಮಳಿ ಹತ್ತಿದ ಒಂದು ದಿನ ಚಾಚಾನ ಕಡೆ ಹೊಂಟಾಗ ಅವರ ಅಂಗಡಿ ಮುಂದನ ಗಾಡಿ ಬಂದ್ ಬಿತ್ತು. ಚಾಚಾ ಎರಡು ವೈರು ಕಟ್ಟಿದ ಸಣ್ಣ ಬಲ್ಬು ತಗೊಂಡು ಬ್ಯಾಟರಿಯಿಂದ ಶುರು ಮಾಡಿದರು. ಅಲ್ಲಿ ಬಲ್ಬು ಹತ್ತಿತು. ಕೀಲಿ ಹಾಕೋ ಸ್ವಿಚ್ಚಿನ ತನಕಾ ಹತ್ತಿತು. ಸ್ವಿಚ್ಚಿನ ಆಚೆ ಕಡೆ ಹತ್ತಲಿಲ್ಲ. ಸ್ವಿಚ್ ಬಿಚ್ಚಿ ಅಂಗೈ ಮ್ಯಾಲೆ ಇಟ್ಟು ನನ್ನ ಮುಂದ ಹಿಡಿದರು. ಒಳಗ ಹಿತ್ತಾಳಿ ಹಸರುಗಟ್ಟಿತ್ತು, ಅದರ ಮ್ಯಾಲೆ ಕೆಂಪನ ರಾಡಿ ಮೆತ್ತಿತ್ತು. ಕುಂಕುಮ.

ದಸರಾದಾಗ ಖಂಡೇನವಮಿಗೆ ಎಲ್ಲಾರೂ ಗಾಡಿ ಪೂಜಿ ಮಾಡತಾರ, ದೀಪಕ್ಕೋ ಟಾಕಿಗೋ ಕುಂಕುಮ ಹಚ್ಚತಾರ. ನನ್ನಾಕಿ ಮಾತ್ರ ನೀರಾಗ ಕಲಿಸಿ ಕೀಲಿ ಹಾಕೋ ತೂತಿಗೇ ಹಚ್ಚತಿದ್ದಳು. "ಜೀವ ಇಲ್ಲಿಂದ ಅಲ್ಲೇನ್ರಿ ಬರೋದು" ಅಂತಿದ್ದಳು. ನಾಲ್ಕು ವರ್ಷ ಹಚ್ಚಿದಳು. ಎಲೆಕ್ಟ್ರಿಶಿಯನ್ ಗಂಡ ನಾನು, ಬಾಜೂಕ ನಿಂತು ನಕ್ಕೋತ ನೋಡಿದೆ. ಒಣಗಿದ್ದಾಗ ಗಾಡಿ ಓಡತಿತ್ತು, ಥಂಡಿಗೆ ಹಸಿ ಆಗಿ ಉಬ್ಬಿದರ ಒಳಗಿನ ಹಿತ್ತಾಳಿ ಪತ್ತಿ ಒಂದಕ್ಕೊಂದು ಕೂಡತಿರಲಿಲ್ಲ, ಕರೆಂಟು ದಾಟತಿರಲಿಲ್ಲ.

"ನಾ ತೊಳೀಲೋ, ನೀ ತೊಳೀತಿಯೋ?" ಅಂತ ಚಾಚಾ ಕೇಳಿದರು. ಬಟ್ಟಲದಾಗ ಪೆಟ್ರೋಲ್ ಹಾಕಿಕೊಂಡು ನಾನ ತೊಳದೆ. ಆಕಿ ಕೈಲೆ ಹಚ್ಚಿದ್ದು ಅದೊಂದ ಉಳದಿತ್ತು, ಅದನ್ನೂ ನಾನ ತಿಕ್ಕಿ ತಗದೆ. ಮಗ್ಗದ ಸಪ್ಪಳ ಇತ್ತು, ಹಿಂಗಾಗಿ ಜೋರಾಗಿ ಅತ್ತರೂ ಓಣಿಯೊಳಗ ಯಾರಿಗೂ ಕೇಳಲಿಲ್ಲ. ಚಾಚಾ ಮಾರಿ ಆ ಕಡೆ ಮಾಡಿ ಕುಂತಿದ್ದರು.

ಮುಂದಿನ ರವಿವಾರ ಮುಂಜಾನೆ ಹೊರಟೆ. ಅಷ್ಟೊತ್ತಿಗೆ ನಮ್ಮ ಅವ್ವ ಹಳ್ಳಿ ಬಿಟ್ಟು ನನ್ನ ಕೂಡ ಇರಾಕ ಬಂದಿದ್ದಳು. ಇವತ್ತ ಮೊಮ್ಮಗಳನ್ನ ಕರಕೊಂಡ ಬರ್ತೀನಂತ ಆಕಿಗೆ ಹೇಳಿದ್ದೆ. ದೇಸೂರು ದಾಟಿತು, ಬಯಲು ದಾಟಿತು, ಗಾಡಿ ನಿಲ್ಲಲಿಲ್ಲ.

ಬಾಗಲಾ ತಗದಾಕಿ ಮಗಳ. ಮೂರು ತುಂಬಿತ್ತು, ಎರಡು ಜಡಿ ಹಾಕಿದ್ದರು. ನನ್ನ ನೋಡಿ ಅಂಜಲಿಲ್ಲ, ಒಳಗ ಓಡಲಿಲ್ಲ. ಮನಿಗೆ ಬಂದವರ ಕೂಡ ಹೆಂಗ ಮಾತಾಡಬೇಕಂತ ಚಂದಂಗ ಕಲಿಸಿದ್ದರು.

"ಬರ್ರಿ, ಕುಂದರ್ರಿ" ಅಂದಳು. "ಅಪ್ಪ ಪ್ಯಾಟಿಗೆ ಹೋಗ್ಯಾನ. ಈಗ ಬರ್ತಾನ."

ನಾ ಕುಂತೆ. ದನಿ ಕೇಳಿ ಹೆಂಡತಿಯ ಅಣ್ಣನ ಹೆಂಡತಿ ಹೊರಗ ಬಂದಳು. ನನ್ನ ನೋಡಿ, ಸೆರಗು ಬಾಯಿಗೆ ಹಿಡಕೊಂಡು ನಿಂತುಬಿಟ್ಟಳು. ಮಗಳು ಆಕಿ ಸೀರಿ ಜಗ್ಗಿ, "ಅವ್ವಾ, ಇವರಿಗೆ ನೀರ ಕೊಡು" ಅಂದಳು. ಇವರು ಯಾರಂತ ಆಕಿ ಹೇಳಾಕ ಹೋದಳು, ನಾ ಬ್ಯಾಡಂತ ಕೈ ಮಾಡಿದೆ. ನೀರು ಕುಡದೆ, ಚಹಾ ಕುಡದೆ. ಕರಕೊಂಡು ಹೋಗಾಕ ಬಂದೀನಿ ಅನ್ನೋ ಮಾತು ಬಾಯಿಗೆ ಬರಲೇ ಇಲ್ಲ.

ಹೊಳ್ಳಿ ಬರೂ ಮುಂದ, ದಾರಿಯೊಳಗ ಎಲ್ಲೆರ ಬಂದ್ ಬೀಳಲಿ, ಮತ್ತ ಆ ಮನಿಗೆ ಹೋಗೂವಂಗ ಆಗಲಿ ಅಂತ ದೇವರನ್ನ ಬೇಡಿಕೊಂಡೆ. ಗಾಡಿ ಬೆಳಗಾವಿ ತನಕಾ ಒಂದ ಸಮ ಓಡಿತು.