ಕಾಶಿಬಾಯಿಯ ಎಮ್ಮೆಯೂ ನನ್ನ ಹೊಸ ಫ್ರೇಮ್‌ವರ್ಕೂ

"ನನ್ನ ಎಮ್ಮಿದು ಇಪ್ಪತ್ತೊಂದ್ ದಿನ ತಿಂದು ಕುಂತೀಯಲ್ಲಾ ಯವ್ವಾ, ಅದನ್ನ ವಾಪಸ್ ಕೊಡು!"

ಹೋದ ತಿಂಗಳು ಒಂದು ಬೆಳಿಗ್ಗೆ ಬಸವಕಲ್ಯಾಣದ ನಮ್ಮ ಮನೆ ಬಾಗಿಲು ತೆರೆದರೆ ಈ ಮಂಗಳಾರತಿ. ಎದುರಿಗೆ ಕೊಹಿನೂರದ ಕಾಶಿಬಾಯಿ. ಅರವತ್ತರ ಹತ್ತಿರದ ಹೆಂಗಸು, ಮೊದಲ ಬಸ್ಸಿಗೇ ಬಂದಿದ್ದರು. ಅವರನ್ನು ನಾನು ನೋಡಿದ್ದೇ ಅವತ್ತು. ಅವರ ಎಮ್ಮೆಯನ್ನಂತೂ ಇವತ್ತಿಗೂ ನೋಡಿಲ್ಲ.

ಆದರೂ ತಪ್ಪು ನನ್ನದೇ. ಹೇಗೆ ಅಂತೀರಾ?

ಹುಮನಾಬಾದಿನಲ್ಲಿ ನಮ್ಮ ಹಳೆಯ ಪರಿಚಯದ ದನದ ಡಾಕ್ಟರೊಬ್ಬರಿದ್ದಾರೆ. ಆರು ವರ್ಷದ ಹಿಂದೆ ಅವರಿಗೊಂದು ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ವಿಷಯ ಸರಳ. ಬೆದೆಗೆ ಬಂದ ಎಮ್ಮೆಗೆ ಡಾಕ್ಟರು ಗಬ್ಬ ಕಟ್ಟುವ ಇಂಜೆಕ್ಷನ್ ಮಾಡುತ್ತಾರೆ. ಗಬ್ಬ ಕಟ್ಟದಿದ್ದರೆ ಸುಮಾರು ಇಪ್ಪತ್ತೊಂದು ದಿನಕ್ಕೆ ಮತ್ತೆ ಬೆದೆ. ಆಕಳಾದರೆ ಕೂಗಿ ಕೂಗಿ ಓಣಿಗೆಲ್ಲ ಹೇಳುತ್ತದೆ. ಎಮ್ಮೆ ಬಾಯಿ ಬಿಡುವ ಪೈಕಿ ಅಲ್ಲ, ಪಕ್ಕದಲ್ಲೇ ಇದ್ದು ನೋಡಿಕೊಳ್ಳಬೇಕು. ಆ ದಿನ ತಪ್ಪಿತೋ, ಇನ್ನೂ ಮೂರು ವಾರ ಕಾಯುವುದೇ.

ನನ್ನ ಪ್ರೋಗ್ರಾಮ್ ಇಪ್ಪತ್ತನೇ ದಿನ ಬೆಳಿಗ್ಗೆ ಆರಕ್ಕೆ ಎಮ್ಮೆಯವರಿಗೆ ಫೋನ್ ಮಾಡುತ್ತಿತ್ತು. ರೆಕಾರ್ಡ್ ಮಾಡಿಟ್ಟ ಡಾಕ್ಟರದೇ ದನಿ: "ಇವತ್ತು, ನಾಳಿ, ನಾಡದು ಎಮ್ಮಿ ಮ್ಯಾಲ ನಿಗಾ ಇಡ್ರಿ. ಬಾಲಕ್ಕ ಲೋಳಿ ಕಂಡ್ರ ನನಗ ಫೋನ್ ಹಚ್ರಿ." ಅಷ್ಟೇ. ಪಿಎಚ್‌ಪಿ ಎಂಬ ಹಳೆಯ ಕೋಡ್ ಭಾಷೆಯಲ್ಲಿ ಬರೆದ ಒಂದೇ ಫೈಲು. ಬಟನ್ ಫೋನಿಗೂ ರಿಂಗ್ ಹೋಗುತ್ತಿತ್ತು. ಆರು ವರ್ಷ ಒಂದು ದೂರೂ ಬರಲಿಲ್ಲ.

ಮತ್ತೆ ಅದಕ್ಕೆ ಕೈ ಹಾಕಿದ್ದೇಕೆ? ನಾಚಿಕೆಯಾಗಿ!

ಮನೆಯಲ್ಲೇ ಕೂತು ಹೊರಗಿನ ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕಸುಬು. ಒಂದು ದೊಡ್ಡ ಪ್ರಾಜೆಕ್ಟಿಗೆ ಇಂಟರ್‌ವ್ಯೂ ಇತ್ತು. ಸ್ವಂತದ್ದೇನಾದರೂ ತೋರಿಸಿ ಅಂದರು. ನಾನು ಹೆಮ್ಮೆಯಿಂದ ಎಮ್ಮೆ ಪ್ರೋಗ್ರಾಮ್ ತೋರಿಸಿದೆ. ಸ್ಕ್ರೀನಿನ ಆ ಕಡೆಯವರು ನಕ್ಕರು. "ಮೇಡಂ, ಇನ್ನೂ ಪಿಎಚ್‌ಪಿಲೇ ಇದ್ದೀರಾ?"

ನಿಮಗೆ ಗೊತ್ತಿರಲಿ, ನಾನೇನು ಕಲಿಯಲು ಹಿಂದೇಟು ಹಾಕಿದವಳಲ್ಲ. ಜೆಕ್ವೆರಿ ಕಲಿತೆ, ಹಳತಾಯಿತು ಅಂದರು. ಆಂಗ್ಯುಲರ್ ಕಲಿತೆ. ಅದರ ಎರಡನೇ ಆವೃತ್ತಿ ಬಂದಾಗ ನೋಡಿದರೆ ಮೊದಲನೆಯದಕ್ಕೂ ಅದಕ್ಕೂ ಹೆಸರು ಬಿಟ್ಟು ಬೇರೆ ನೆಂಟಸ್ತನವೇ ಇಲ್ಲ. ರಿಯಾಕ್ಟ್ ಕಲಿತೆ, ನೀವು ಕಲಿತ ಹಾಗೆ ಈಗ ಯಾರೂ ಬರೆಯುವುದಿಲ್ಲ ಅಂದರು. ಈಗ ಎಐ ಬರೆದುಕೊಡುತ್ತದೆ, ಕಲಿಯುವ ತಾಪತ್ರಯವೇ ಬೇಡ ಅನ್ನುತ್ತಿದ್ದಾರೆ. (ಇಷ್ಟು ವರ್ಷ ಕಲಿತದ್ದನ್ನು ಯಾರಿಗೆ ವಾಪಸ್ ಕೊಡಬೇಕೋ ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.)

ಆ ನಗು ಚುಚ್ಚಿತು ನೋಡಿ, ಎರಡು ತಿಂಗಳು ಕೂತು ಎಲ್ಲವನ್ನೂ ಹೊಚ್ಚ ಹೊಸ ಫ್ರೇಮ್‌ವರ್ಕಿನಲ್ಲಿ (ಪ್ರೋಗ್ರಾಮ್ ಕಟ್ಟಲು ಸಿಗುವ ಸಿದ್ಧ ಚೌಕಟ್ಟು) ಮರುಬರೆದೆ. ಚಂದದ ಆ್ಯಪ್. ಎಮ್ಮೆಯ ಚಿತ್ರ, ಗ್ರಾಫು, ಡಾರ್ಕ್ ಮೋಡ್ ಬೇರೆ. (ಎಮ್ಮೆಗೆ!) ಫೋನ್ ಕರೆ ಕಿತ್ತು ಹಾಕಿ ನೋಟಿಫಿಕೇಶನ್ ಇಟ್ಟೆ. ಡಾಕ್ಟರು "ಎಲ್ಲಾರ ಕಡೆ ಸ್ಮಾರ್ಟ್‌ಫೋನ್ ಇರಲ್ರೀ ಮೇಡಂ" ಎಂದು ಎರಡು ಸಲ ಹೇಳಿದರು. ಮನೆಗೊಂದಾದರೂ ಇದ್ದೇ ಇರುತ್ತದೆ ಎಂದು ಅವರ ಬಾಯಿ ಮುಚ್ಚಿಸಿದೆ.

ಕಾಶಿಬಾಯಿ ಬಾಗಿಲಲ್ಲಿ ನಿಂತಾಗಲೂ ನನ್ನ ಜಂಭ ಇಳಿದಿರಲಿಲ್ಲ. ಲ್ಯಾಪ್‌ಟಾಪ್ ತಂದು ತೋರಿಸಿದೆ. ಅವರ ಹೆಸರಿನ ಮುಂದೆ ಹಸಿರು ಗುರುತಿತ್ತು.

"ನೋಡ್ರಿ ಅಕ್ಕಾ, ಮೆಸೇಜ್ ಮುಟ್ಟ್ಯದಲ್ರೀ."

"ಯಾರಿಗಿ ಮುಟ್ಟ್ಯದ?"

ನೋಡಿದೆ. ಅವರ ಅಳಿಯನ ನಂಬರು. ಕಾಶಿಬಾಯಿಯದು ಬಟನ್ ಫೋನು, ಹಾಗಾಗಿ ಆ್ಯಪ್ ಹಾಕಿದ್ದು ಮನೆಯ ಒಂದೇ ಸ್ಮಾರ್ಟ್‌ಫೋನಿಗೆ. ಅಳಿಯ ಲಾರಿ ಡ್ರೈವರು. ಎಮ್ಮೆ ಬೆದೆಗೆ ಬಂದ ದಿನ ಅವನು ಸೊಲ್ಲಾಪುರದ ಆಚೆ ಎಲ್ಲೋ ಇದ್ದ. ಬೆದೆಯ ಸುತ್ತಿಗೆ ನಾನಿಟ್ಟ ಹೆಸರು, 'ಸೈಕಲ್ ಅಲರ್ಟ್' ಅಂತ ಇಂಗ್ಲಿಷಿನಲ್ಲಿ ಬಂದದ್ದನ್ನು ಯಾವುದೋ ಜಾಹೀರಾತು ಅಂದುಕೊಂಡು ಒರೆಸಿ ಹಾಕಿದ್ದಾನೆ. ಅವನದೇನು ತಪ್ಪು? ಲಾರಿ ಓಡಿಸುವವನಿಗೆ ಸೈಕಲ್ ಯಾಕೆ ಬೇಕು?

"ಮೊದಲೆಲ್ಲ ಫೋನ್ ಬರ್ತಿತ್ತು. ಈ ಸಲಾನೂ ಬರ್ತದಂತ ಭರೋಸಾದಾಗ ಕುಂತೆ. ಬರಲಿಲ್ಲ. ಗಬ್ಬ ನಿಂತಿರಬೇಕಂತ ನಾ ಖುಷಿಯಾಗಿದ್ದೆ," ಅಂದರು. ಬಾಲಕ್ಕೆ ಲೋಳೆ ಒಣಗಿ ಅಂಟಿದ್ದು ಕಂಡು ಡಾಕ್ಟರನ್ನು ಕರೆಸುವಷ್ಟರಲ್ಲಿ ದಿನ ದಾಟಿತ್ತು. ನನ್ನ ವಿಳಾಸ ಕೊಟ್ಟದ್ದೂ ಡಾಕ್ಟರೇ. "ಇನ್ನ ಒಂದೇ ಪಾಳಿ ಉಳದದ. ಆಮ್ಯಾಲ ಬಿಸಲು. ಬಿಸಲಾಗ ಎಮ್ಮಿ ಬೆದಿಗಿ ಬರಲ್ಲ, ಮಳಿಗಾಲದ ತನಕ ಖಾಲಿ ಎಮ್ಮಿ ಮೇಸ್ಬೇಕು. ಮೊಳಕಾಲು ಹೋಗ್ಯಾವ, ಕೂಲಿಗಿ ಹೋಗಾಕ ಆಗಲ್ಲ. ಆ ಎಮ್ಮಿ ಮ್ಯಾಲೇ ನಾ ಬದುಕಾಕತ್ತೇನಿ ಯವ್ವಾ."

ಹಸಿರು ಗುರುತು ನೋಡಲು ಅಸಹ್ಯವಾಯಿತು. ಯಾರೋ ನಕ್ಕರು ಅಂತ ಯಾರದೋ ಹೊಟ್ಟೆಯ ಮೇಲೆ ಹೊಡೆದಿದ್ದೆ.

ಅವರಿಗೆ ಚಹಾ ಕೊಟ್ಟು, ತಿಂಡಿ ತಿನ್ನಿಸಿ ಬಸ್ಸಿಗೆ ಹತ್ತಿಸಿ ಬಂದು ಕೂತೆ. ಮುಂದಿನ ಪಾಳಿಗೆ ಇದ್ದದ್ದು ಹದಿನೇಳು ದಿನ. ಹಳೆಯ ಫೈಲನ್ನು ಹಾಗೇ ಎತ್ತಿ ಇಟ್ಟರಾಯಿತು ಅಂದುಕೊಂಡಿದ್ದೆ. ಅದೂ ಸುಲಭವಿರಲಿಲ್ಲ. ನಾನು ಬರೆದ ಕಾಲದ ಪಿಎಚ್‌ಪಿಯನ್ನು ಸರ್ವರಿನವರು ತೆಗೆದುಹಾಕಿದ್ದರು. ಹೊಸದರ ಮೇಲೆ ಹಳೆಯದು ಏಳಲೇ ಇಲ್ಲ. ಹಟ ಹಿಡಿದೆ. ಸಾಲು ಸಾಲಾಗಿ ಓದಿ ತಿದ್ದಿದೆ. ನಾಲ್ಕನೇ ದಿನ ನನ್ನ ಫೋನೇ ರಿಂಗಾಗಿ, ಎಮ್ಮಿ ಮ್ಯಾಲ ನಿಗಾ ಇಡ್ರಿ ಎಂದು ಡಾಕ್ಟರು ನನಗೇ ಹೇಳಿದಾಗ ಕುಣಿಯುವುದೊಂದು ಬಾಕಿ. ಎಲ್ಲರ ನಂಬರನ್ನೂ ಡಾಕ್ಟರ ಜೊತೆ ಕೂತು ಮತ್ತೆ ಪರೀಕ್ಷಿಸಿ, ಆ್ಯಪನ್ನು ಮುಚ್ಚಿದೆ.

ಆಗಲೇ ಆ ಕಂಪನಿಯಿಂದ ಎರಡನೇ ಸುತ್ತಿಗೆ ಕರೆ ಬಂತು. ನಾನೇ ಜಂಭದಿಂದ ಬರೆದು ತಿಳಿಸಿದ್ದ ಹೊಸ ಆ್ಯಪ್ ತೋರಿಸಿ ಅಂದರು. ಮುಚ್ಚಿದ್ದೇನೆ, ಪಿಎಚ್‌ಪಿಗೇ ವಾಪಸಾಗಿದ್ದೇನೆ, ಕಾರಣ ಒಂದು ಎಮ್ಮೆ ಎಂದು ಬರೆದೆ. ಉತ್ತರ ಬಂದಿಲ್ಲ. ಬರುವುದೂ ಇಲ್ಲ ಬಿಡಿ.

ಹಾಗಂತ ಹೊಸದೆಲ್ಲ ಕೆಟ್ಟದ್ದು ಎಂದು ಭಾಷಣ ಬಿಗಿಯುವವಳು ನಾನಲ್ಲ. ಹೊಟ್ಟೆಪಾಡು ಹೊಸದರಿಂದಲೇ ನಡೆಯುತ್ತಿದೆ, ನಾಳೆಯೂ ಕಲಿಯುತ್ತೇನೆ. ಆದರೆ ಯಾವುದನ್ನಾದರೂ ಬದಲಿಸುವ ಮುಂಚೆ, ಅದನ್ನು ನಂಬಿ ಕೂತವರ ಮನೆಗೆ ಹೋಗಿ ಅವರ ಕೈಯಲ್ಲಿರುವ ಫೋನು ನೋಡಿ ಬರುತ್ತೇನೆ. ಇಂಟರ್‌ವ್ಯೂ ಮಾಡುವವರ ನಗು ನೋಡಿ ಇನ್ನೊಂದು ಸಲ ಒಂದು ಸಾಲನ್ನೂ ಮುಟ್ಟುವುದಿಲ್ಲ.

ಹೋದ ವಾರ ಆ ದಿನ ಬಂತು. ಆರು ಗಂಟೆಗೆ ಕರೆ ಹೋಯಿತು. ನನಗೆ ನನ್ನ ಕೋಡಿನ ಮೇಲೆ ನಂಬಿಕೆಯಿಲ್ಲದೆ ಐದು ನಿಮಿಷ ಬಿಟ್ಟು ನಾನೂ ಮಾಡಿದೆ.

"ಒಮ್ಮಿ ಬಂದದಲ್ಲ, ನೀ ಯಾಕ ಮತ್ತ ಹಚ್ಚಾಕತ್ತಿ?" ಕಾಶಿಬಾಯಿ ಗದರಿದರು. "ನಾ ಎಮ್ಮಿ ಬಾಜೂಕೇ ಕುಂತೀನಿ. ಇಡು ಫೋನ್, ಡಾಕ್ಟರ್ ಸಾಬ್ರದ್ದು ಬಂದ್ರ ಹತ್ತಲ್ಲ!"

ಮರುದಿನ ಡಾಕ್ಟರು ಹುಮನಾಬಾದಿನಿಂದ ಹೋಗಿ ಇಂಜೆಕ್ಷನ್ ಮಾಡಿ ಬಂದರು. ಗಬ್ಬ ನಿಂತಿತೋ ಇಲ್ಲವೋ, ಎರಡು ತಿಂಗಳು ಕಾಯಬೇಕು. ನಿಂತಿದ್ದರೆ ಈಯುವುದಕ್ಕೆ ಒಟ್ಟು ಹತ್ತು ತಿಂಗಳು.

ಹತ್ತು ತಿಂಗಳು ಬದಲಾಗದೆ ನಿಲ್ಲುವ ಫ್ರೇಮ್‌ವರ್ಕ್ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದೆಯಾ?