ನಗೆಯನ್ನೂ ಕೂಡಿಸಿ ಕೊಟ್ಟ ಕಾಕಾ

ಈಚೆಗೆ ಕುಂದಗೋಳದಿಂದ ಯರಗುಪ್ಪಿಯ ಕಡೆಗೆ ಬಸ್ಸಿನಲ್ಲಿ ಹೋಗುತ್ತಿದ್ದಾಗ, ಯಾರೋ ಡಾಂಬರು ರಸ್ತೆಯ ಮೇಲೆಯೇ ಜೋಳದ ತೆನೆ ಹರವಿದ್ದರು. ಬಸ್ಸು ಅದರ ಮೇಲೆ ಹಾಯ್ದಾಗ ಎದ್ದ ಹೊಟ್ಟಿನ ಧೂಳು ಕಿಟಕಿಯಿಂದ ಒಳಗೆ ನುಗ್ಗಿತು. ಹಿಂದಿನ ಸೀಟಿನ ತರುಣನೊಬ್ಬ, "ಯಜಮಾನ್ರ, ಕಿಡಕಿ ಹಾಕ್ರಿ, ಅರಿವಿ ಹೊಲಸಾಗತಾವು" ಎಂದ. ನಾನು ಹಾಕಲಿಲ್ಲ. ಅವನು ಎದ್ದು ಬಂದು, ನನ್ನ ಮೊಣಕೈಯನ್ನು ಬದಿಗೆ ಸರಿಸಿ, ತಾನೇ ಹಾಕಿದ. ಅದನ್ನು ಮರೆಯುವ ಸ್ವಭಾವ ನನ್ನದಲ್ಲ. ಆದರೆ ಆ ಮಾತು ಇಲ್ಲಿಗೆ ಬೇಡ. ಅಷ್ಟರಲ್ಲಿ ಒಣ ತೆನೆಯ ಆ ವಾಸನೆ ಒಳಗೆ ಬಂದಾಗಿತ್ತು. ಗಂಟಲಲ್ಲಿ ಕೆರೆತ ಹುಟ್ಟಿಸುವ, ಬಿಸಿಲನ್ನೇ ಅರೆದಂಥ ವಾಸನೆ... ಅದರೊಡನೆ ಬಾಜೂಮನೆಯ ಕಾಕಾ ಬಂದು ನನ್ನ ಪಕ್ಕದಲ್ಲಿ ಕುಳಿತಂತಾಯಿತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಎರೆಹೊಲಗಳ ನಡುವಿನ ನಮ್ಮ ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಅವುಗಳ ನಡುವೆ ಹಂಚು ಹೊದಿಸಿದ ಪುಟ್ಟ ಪ್ರಾರ್ಥನಾಲಯ. ಊರಾಚೆ ಅಲ್ಲಿ ಕೂಡುವ ನಮ್ಮೆಲ್ಲರ ಸಭೆಗೆ ಸೇರಿದ ಒಂದು ತುಂಡು ಹೊಲ. ನಾನಾಗ ಪಕ್ಕದ ಊರಿನ ಶಾಲೆಗೆ ಹೊಸದಾಗಿ ಸೇರಿದ ಮಾಸ್ತರ. ಕಾಕಾ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು, ನಮ್ಮ ಸಭೆಯವರೇ. ರಕ್ತಸಂಬಂಧ ಇರಲಿಲ್ಲ, ಊರಿಗೆಲ್ಲ ಅವರು ಕಾಕಾ. ಕಸುಬು ಒಕ್ಕಲುತನ. ಸುಗ್ಗಿಯಲ್ಲಿ ಕಣದ ನಡುವಿನ ಮೇಟಿಗಂಬಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುವುದಕ್ಕೆ ನಮ್ಮಲ್ಲಿ ಹಂತಿ ಎನ್ನುತ್ತಾರೆ. ಎತ್ತುಗಳ ಹಿಂದೆ ನಡೆಯುತ್ತ ಹೇಳುವ ಪದಗಳೇ ಹಂತಿ ಪದಗಳು. ಅವುಗಳಲ್ಲಿ ಕಾಕಾನನ್ನು ಮೀರಿಸುವವರು ಸುತ್ತಲಿನಲ್ಲಿ ಇರಲಿಲ್ಲ. ಅವರು ಪದ ಎತ್ತಿದರೆ ಎತ್ತುಗಳ ಹೆಜ್ಜೆ ತಾನಾಗಿ ಕೂಡಿ ಬರುತ್ತಿತ್ತು.

ನಾಲಿಗೆಯೂ ಹಾಗೆಯೇ ಇತ್ತು, ಚುರುಕು. ನಮ್ಮಲ್ಲಿ ಊಟಕ್ಕೆ ಕುಳಿತರೆ ನಮ್ಮ ಅವ್ವನನ್ನು ಕೆಣಕದೆ ಏಳುತ್ತಿರಲಿಲ್ಲ.

"ವೈನಿ, ಈ ಸಾರಿನ್ಯಾಗ ಬ್ಯಾಳಿ ಹುಡುಕಾಕ ಕಂದೀಲ ತರ್ಲೇನ್ರಿ?"

"ನಿಮ್ಮ ಹೊಲದಾಗ ಬೆಳದಷ್ಟ ಬ್ಯಾಳಿ ಹಾಕೇನಿ. ಸುಮ್ನ ಉಣ್ರಿ," ಎಂದು ಅವ್ವ ಅನ್ನುತ್ತಿದ್ದಳು. ಆಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಕಾಕಾನೇ.

ಇಷ್ಟು ನಗಿಸುವ ಮನುಷ್ಯ ಒಂದೇ ಒಂದು ಕಡೆ ಕಲ್ಲಾಗಿದ್ದರು. ಹೊಲದ ಬದುವಿನ ಸಲುವಾಗಿ ಸ್ವಂತ ಅಣ್ಣನೊಡನೆ ಜಗಳವಾಗಿ ವರ್ಷಗಳೇ ಕಳೆದಿದ್ದವು. ಪ್ರಾರ್ಥನಾಲಯದಲ್ಲಿ ಅಣ್ಣ ಎಡಗಡೆಯ ಗೋಡೆಗೆ ಕುಳಿತರೆ ತಮ್ಮ ಬಲಗಡೆಯ ಗೋಡೆಗೆ. ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದ ಭಾನುವಾರಗಳಂದು ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ರೊಟ್ಟಿ ತೆಗೆದುಕೊಳ್ಳುವಾಗ ಕಾಕಾ ಕುಳಿತಲ್ಲಿಂದ ಏಳುತ್ತಿರಲಿಲ್ಲ. ಅವರನ್ನು ಯಾರೂ ತಡೆದಿರಲಿಲ್ಲ, ತಾವೇ ತಡೆದುಕೊಂಡಿದ್ದರು. "ಅಣ್ಣನ ಕೂಡ ಮಾತಾಡದ ಬಾಯಿಲೆ ಆ ರೊಟ್ಟಿ ಹೆಂಗ ತಿನ್ಲೋ ಮಾಸ್ತರ?" ಎಂದು ಒಮ್ಮೆ ನನ್ನನ್ನೇ ಕೇಳಿದ್ದರು.

ಒಂದು ಮಳೆಗಾಲ ಕಾಕಾ ಜ್ವರ ಬಂದು ಹಾಸಿಗೆ ಹಿಡಿದರು. ಆ ದಿನಗಳಲ್ಲಿ ಅವರ ಒಳಗೆ ಏನು ನಡೆಯಿತೋ ನಾನರಿಯೆ... ಎದ್ದು ಓಡಾಡುವಂತಾದ ಮೊದಲ ಭಾನುವಾರ, ಆರಾಧನೆಯ ನಡುವೆಯೇ ಮುಂದೆ ನಡೆದು ಹೋಗಿ, ಶಿಲುಬೆಯ ಎದುರಿಗೆ ಬಿದ್ದು, ಗಂಡಸರು ಅಳದ ರೀತಿಯಲ್ಲಿ ಅತ್ತರು. ಮರುದಿನ ಬೆಳಿಗ್ಗೆ ಕೊಡಲಿ ಹಿಡಿದು ಹೋಗಿ, ಬದುವಿನ ಮೇಲೆ ತಾವೇ ಹಾಕಿದ್ದ ಜಾಲಿಮುಳ್ಳಿನ ಬೇಲಿಯನ್ನು ಕಿತ್ತೊಗೆದರು. ನಾನು ಶಾಲೆಗೆ ಹೊರಟವನು ನಿಂತು, "ಕಾಕಾ, ಕಡೀಕೂ ಸೋತ್ರೇನು?" ಎಂದೆ.

"ಸೋಲಲಿಲ್ಲೋ, ಕೊಟ್ಟೆ. ನನ್ನನ್ನ ಆತನ ಪಾದಕ್ಕ ಹಾಕಿದ ಮ್ಯಾಲೆ ಈ ಮುಳ್ಳು ಯಾರದಂತ ಕಾಯ್ಕೋತ ಕೂಡ್ಲಿ?"

ಅಂದು ಸಂಜೆ ಅಣ್ಣನ ಮನೆಯಲ್ಲಿ ಇಬ್ಬರೂ ಒಂದೇ ತಾಟಿನಲ್ಲಿ ಉಂಡರಂತೆ. ಆಮೇಲೆ ಅನ್ಯರ ದೇವರನ್ನು ಕರೆಯುವ ಹಂತಿ ಪದಗಳನ್ನು ಕಾಕಾ ತಾವಾಗಿಯೇ ಬಿಟ್ಟರು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. "ಅವರಿಗೆ ಅದು ಖರೆ. ನನ್ನ ಬಾಯಾಗ ಬಂದ್ರ ಸುಳ್ಳಾಗತೈತಿ" ಎಂದರು, ಅಷ್ಟೇ. ಉಳಿದವು ಮಳೆಯ ಪದಗಳು, ಬಿತ್ತುವ ಪದಗಳು, ಅತ್ತೆ ಸೊಸೆಯರ ಪದಗಳು. ಅವನ್ನು ಮೊದಲಿಗಿಂತ ಜೋರಾಗಿ ಹಾಡಿದರು. ಅವರಿಗೆ ಈಗ ಒಂದೇ ಆಸೆ ಇತ್ತು: ಸುಗ್ಗಿಯ ಕೃತಜ್ಞತೆಯ ಭಾನುವಾರ ಅಣ್ಣನ ಪಕ್ಕದಲ್ಲಿ ಮೊಣಕಾಲೂರಿ ಆ ರೊಟ್ಟಿಯನ್ನು ತೆಗೆದುಕೊಳ್ಳುವುದು.

ಅದೇ ವರ್ಷ ಹೊಸ ಸಭಾಪಾಲಕರು ಬಂದರು; ನಮ್ಮ ಮಾತಿನಲ್ಲಿ ಅಯ್ಯನವರು. ದಕ್ಷಿಣದ ಪಟ್ಟಣದವರು, ಎಳೆಯರು. ಕೆಟ್ಟವರಲ್ಲ, ಅದನ್ನೂ ಬರೆಯಬೇಕು. ಕೆಸರಿನಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ರೋಗಿಗಳ ಮನೆಗೆ ನಡೆದವರು. ಆದರೆ ದೇವರಿಗೆ ಒಪ್ಪಿಸಿಕೊಂಡವನು ಹೇಗಿರಬೇಕೆಂಬುದಕ್ಕೆ ಅವರ ಬಳಿ ಒಂದೇ ಅಚ್ಚು ಇತ್ತು: ಮೆಲುದನಿ, ಬಗ್ಗಿದ ಕತ್ತು, ನಗದ ಮುಖ. ಕಾಕಾ ತಮ್ಮ ಆಸೆಯನ್ನು ಹೇಳಲು ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋದರು. ಅಯ್ಯನವರು ಕುರ್ಚಿಯಲ್ಲಿ ಕುಳಿತೇ ಇದ್ದರು. ಪಡಸಾಲೆಯಲ್ಲಿ ಇನ್ನೂ ಎರಡು ಕುರ್ಚಿಗಳಿದ್ದವು. ನಮ್ಮಿಬ್ಬರಿಗೂ ಕುಳಿತುಕೊಳ್ಳಿ ಎನ್ನಲಿಲ್ಲ.

"ಸಂತೋಷ. ಆದರೆ ಹಳೆಯ ಮನುಷ್ಯ ಪೂರ್ತಿ ಸಾಯಬೇಕು. ಆ ಹಂತಿ ಹಾಡು, ಆ ಚೇಷ್ಟೆ ಮಾತು, ಅವೆಲ್ಲ 'ನಾನು' ಎಂಬುದರ ಗುರುತು. ಇನ್ನು ಬಿಟ್ಟೆನೆಂದು ಸಭೆಯ ಮುಂದೆ ಎದ್ದು ಹೇಳಿ. ಆಮೇಲೆ ಭೋಜನ," ಎಂದರು.

ಕಾಕಾ ನಿಂತಲ್ಲಿಂದಲೇ ಕೇಳಿದರು: "ಅಯ್ಯನೋರ, ಎತ್ತಿಗೆ ನೊಗಾ ಹೂಡತೀವಿ. ಹೂಡಿದ ಮ್ಯಾಲೆ ಅದರ ಕ್ವಾಡು ಕಡದು ಒಗೀತೀವೇನ್ರಿ? ಎಡಗಡೀದು ಬಿರಸು, ಬಲಗಡೀದು ಸಾವಕಾಶ. ಎರಡೂ ಒಂದ ನೊಗದಾಗ ಹೋಗತಾವು."

ನಾನು ಕಾಕಾನ ಪರವಾಗಿ ಬಾಯಿ ತೆರೆದೆ. "ನೀವು ಸುಮ್ಮನಿರಿ ಮಾಸ್ತರೇ. ಇದು ಒಂದನೆಯ ತರಗತಿಯ ಪಾಠವಲ್ಲ," ಎಂದರು ಅಯ್ಯನವರು. ಆ ಮಾತು ನಿನ್ನೆ ಆಡಿದಷ್ಟು ಹಸಿಯಾಗಿ ನನ್ನಲ್ಲಿದೆ. ದಾರಿಯಲ್ಲಿ ನಾನು ಕುದಿಯುತ್ತಿದ್ದರೆ ಕಾಕಾ, "ಬಿಡೋ. ಕುರ್ಚಿ ಕೊಟ್ಟಿದ್ರ ನನ್ನ ಧೋತರದ ಧೂಳೆಲ್ಲ ಅದಕ್ಕ ಹತ್ತತಿತ್ತು," ಎಂದರು.

ಸುಗ್ಗಿ ಬಂತು. ಸಭೆಯ ಹೊಲದ ಜೋಳವನ್ನು ಎಲ್ಲ ಮನೆಯವರೂ ಕೂಡಿ ತುಳಿಸಿ, ಆ ಕಾಳನ್ನು ಕೃತಜ್ಞತೆಯ ಭಾನುವಾರ ದೇವರ ಮುಂದೆ ಸುರಿಯುವುದು ನಮ್ಮ ರೂಢಿ. ಆ ವರ್ಷ ಅಯ್ಯನವರ ಅಪ್ಪಣೆಯಾಯಿತು: ಸಭೆಯ ಕಣದಲ್ಲಿ ಕೀರ್ತನೆಯ ಪುಸ್ತಕದ ಹಾಡುಗಳನ್ನಲ್ಲದೆ ಬೇರೆ ಹಾಡಬಾರದು. ನಾವು ಒಪ್ಪಿದೆವು. ಹಿಂದೆ ಪರದೇಶದ ಮಿಷನರಿಗಳು ಕಲಿಸಿಹೋಗಿದ್ದ ಆ ರಾಗಗಳು ಕುಳಿತು ಹಾಡಲು ಗಂಭೀರ. ಒಂದೊಂದು ಸ್ವರವೂ ದೀರ್ಘ, ಒಂದೊಂದು ಸಾಲಿನ ಕೊನೆಗೂ ನಿಲುಗಡೆ. ಅವನ್ನು ಎತ್ತಿನ ಹಿಂದೆ ಹಾಡಬಹುದೆಂದು ನಾವು ತಿಳಿದದ್ದೇ ತಪ್ಪು. ಬೆಳಗಿನ ಹೊತ್ತು ಎತ್ತು ಕಟ್ಟಿ ಎಲ್ಲರೂ ಹಾಡತೊಡಗಿದೆವು. ಮೊದಲ ಸಾಲು ಮುಗಿದು ನಾವು ಉಸಿರೆಳೆದುಕೊಂಡೆವು; ಎತ್ತುಗಳು ಗಕ್ಕನೆ ನಿಂತವು. ಎರಡನೆಯ ಸಾಲು ಎತ್ತಿದೆವು; ಎರಡು ಹೆಜ್ಜೆ ಇಟ್ಟವು. ನಾವು ನಿಂತೆವು; ಅವೂ ನಿಂತು, ತೆನೆಗೆ ಬಾಯಿ ಹಾಕಿದವು. ಬಿಸಿಲು ಏರಿದರೂ ಕಣದಲ್ಲಿ ಕಾಳು ಬಿಚ್ಚಲಿಲ್ಲ.

"ಅಯ್ಯನೋರ, ಈ ಎತ್ತುಗಳದು ಇನ್ನೂ ದೀಕ್ಷಾಸ್ನಾನ ಆಗಿಲ್ರಿ," ಎಂದು ಕಾಕಾನ ಅಣ್ಣ ಮೆಲ್ಲಗೆ ಅಂದರು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಾಕಾ ಮಾತ್ರ ನಗಲಿಲ್ಲ. ಬಾರುಕೋಲು ಹಿಡಿದು ತಲೆ ತಗ್ಗಿಸಿ ನಿಂತಿದ್ದರು. ಕೊನೆಗೆ ಅಯ್ಯನವರೇ ಬೆವರು ಒರೆಸಿಕೊಳ್ಳುತ್ತ, "ಏನಾದರೂ ಮಾಡಿ," ಎಂದರು.

ಕಾಕಾ ಕೊರಳು ಸರಿಪಡಿಸಿಕೊಂಡರು. ಧಾಟಿ ಹಂತಿಯದು, ಮಾತು ಅವರದೇ:

"ಬೀಜಾ ನಿಂದು, ಭೂಮಿ ನಿಂದು, ಮಳಿಯೂ ನಿಂದೋ ಒಡೆಯಾ,
ಬೆನ್ನ ನೋವು ನಂದೊಂದ ಐತಿ, ಅದನೂ ತಗೊಳ್ಳೋ ಒಡೆಯಾ..."

ಎತ್ತುಗಳು ಕಿವಿ ನಿಮಿರಿಸಿ ಹೊರಟವು. ಸೊಲ್ಲು ಹಿಡಿದು ಮರಳಿ ಹಾಡಲು ಹಿಂದೆ ಅಣ್ಣನೇ ನಿಂತರು. ಅಷ್ಟು ವರ್ಷಗಳ ಮೇಲೆ ಆ ಎರಡು ಕೊರಳುಗಳು ಕೂಡಿದ್ದನ್ನು ಕೇಳಿ ನಮ್ಮ ಅವ್ವ ಕಣ್ಣೊರೆಸಿಕೊಂಡಳು. ಮಧ್ಯಾಹ್ನದೊಳಗೆ ಕಾಳು ಬಿದ್ದಿತು. ಅಯ್ಯನವರು ಕೊಡೆ ಬಿಚ್ಚಿಕೊಂಡು ಮನೆಗೆ ನಡೆದರು. ಭೋಜನಕ್ಕೆ ಹಾಕಿದ್ದ ಷರತ್ತನ್ನು ಹಿಂದೆಗೆದುಕೊಳ್ಳಲಿಲ್ಲ.

ಆ ಭಾನುವಾರ ಕಾಕಾ ಒಗೆದ ಧೋತರ ಉಟ್ಟು ಬಂದು ಅಣ್ಣನ ಪಕ್ಕದಲ್ಲಿ ಕುಳಿತರು. ಭೋಜನದ ಹೊತ್ತಿಗೆ ಎಲ್ಲರೊಡನೆ ಮುಂದೆ ಹೋಗಿ ಮೊಣಕಾಲೂರಿದರು. ಅಯ್ಯನವರು ತಟ್ಟೆ ಹಿಡಿದು ಅವರ ಮುಂದೆ ಬಂದು ನಿಂತು, ಎಲ್ಲರಿಗೂ ಕೇಳುವಂತೆ, "ನಿಮ್ಮನ್ನು ಪೂರ್ತಿ ಒಪ್ಪಿಸಿದ್ದೀರಾ?" ಎಂದರು.

"ಪೂರಾ ಕೊಟ್ಟೇನ್ರಿ. ನಗೂದೂ ಅದರಾಗ ಬಂತು, ಹಾಡೂದೂ ಬಂತು. ಅವನ್ನ ತಗದಿಟ್ಟು ಉಳದದ್ದು ಕೊಟ್ರ ಅದು ಪೂರಾ ಹೆಂಗಾದೀತ್ರಿ?"

ಅಯ್ಯನವರು ಅವರನ್ನು ದಾಟಿ ಅಣ್ಣನಿಗೆ ರೊಟ್ಟಿ ಕೊಟ್ಟರು. ಅಣ್ಣ ಆ ತುಣುಕನ್ನು ಮುರಿದು ಅರ್ಧವನ್ನು ತಮ್ಮನ ಅಂಗೈಯಲ್ಲಿಡಲು ಹೋದರು. ಕಾಕಾ ಅಣ್ಣನ ಕೈಯನ್ನು ಮೆಲ್ಲಗೆ ಮುಚ್ಚಿದರು. "ಕದ್ದು ತಿನ್ನೂದು ಬ್ಯಾಡಣ್ಣಾ. ಕೊಡ್ತಾರ, ತಿಂತೀನಿ."

ಉಳಿದವರೆಲ್ಲ ತೆಗೆದುಕೊಂಡು ಸ್ಥಳಕ್ಕೆ ಮರಳಿದರು. ಕಾಕಾ ಏಳಲಿಲ್ಲ. ತಲೆ ಬಾಗಿತ್ತು, ಅಂಗೈಗಳು ತೆರೆದಿದ್ದವು. ಅದಕ್ಕಿಂತ ಪೂರ್ತಿಯಾಗಿ ಬಾಗಿದ ಮನುಷ್ಯನನ್ನು ನಾನು ಕಂಡಿಲ್ಲ, ಅದಕ್ಕಿಂತ ಅಲುಗದವನನ್ನೂ ಕಂಡಿಲ್ಲ. ಮುಗಿಸುವ ಹಾಡು ಎತ್ತಬೇಕಾದವನು ನಾನು, ಎತ್ತಲಿಲ್ಲ. ಅಯ್ಯನವರು ನನ್ನತ್ತ ನೋಡಿದರು. ನಾನು ಪುಸ್ತಕ ಮುಚ್ಚಿದೆ. ಅಣ್ಣ ಎದ್ದು ಹೋಗಿ ಮತ್ತೆ ತಮ್ಮನ ಪಕ್ಕದಲ್ಲಿ ಮೊಣಕಾಲೂರಿದರು. ಆಮೇಲೆ ನಮ್ಮ ಅವ್ವ. ಆಮೇಲೆ ಹಿಂದಿನ ಸಾಲಿನ ಮುದುಕಿಯರು... ಹಂಚಿನ ಮೇಲೆ ಅಳಿಲು ಓಡಿದ ಸದ್ದು ಕೇಳಿಸಿತು.

ಅಯ್ಯನವರು ತಟ್ಟೆಯನ್ನು ಎತ್ತಿಕೊಂಡರು. ನಡೆದು ಬಂದರು. ಕಾಕಾನ ಅಂಗೈಯಲ್ಲಿ ರೊಟ್ಟಿ ಇಟ್ಟು, ಭೋಜನದಲ್ಲಿ ಹೇಳಬೇಕಾದ ಮಾತನ್ನು ಹೇಳಿದರು. ಕಾಕಾ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು ಅದನ್ನು ತಿಂದರು. ಬಳಿಕ ತಲೆಯೆತ್ತಿ, ಪಿಸುಮಾತೆಂದುಕೊಂಡು ಎಲ್ಲರಿಗೂ ಕೇಳುವಂತೆ ಅಂದರು:

"ಮೊಣಕಾಲು ಹಿಡಕೊಂಡಾವ್ರಿ ಅಯ್ಯನೋರ. ಕೈ ಕೊಟ್ಟು ಎಬ್ಬಸ್ರಿ."

ಅಯ್ಯನವರು ಕೈ ಕೊಟ್ಟರು. ಅವರು ನಕ್ಕದ್ದನ್ನು ನಾವು ಅಂದೇ ಮೊದಲು ನೋಡಿದ್ದು.

ಈಗ ಕಾಕಾ ಇಲ್ಲ, ಅಣ್ಣನೂ ಇಲ್ಲ. ಕಾಕಾನನ್ನು ಮಣ್ಣು ಮಾಡಿದ ದಿನ ಹಂತಿ ಧಾಟಿಯ ಆ ಒಂದು ಪದ ಹೇಳೋಣವೆಂದು ನಾನೆಂದೆ. ಯಾರಿಗೂ ಬರುತ್ತಿರಲಿಲ್ಲ. ನನಗೆ ಮಾತುಗಳು ನೆನಪಿದ್ದವು. ಹಂತಿಯ ಆ ಕೊರಳು ನನಗೆ ಎಂದೂ ಇರಲಿಲ್ಲ. ಇಂದು ಊರಿನಲ್ಲಿ ಆ ಧಾಟಿಯನ್ನು ಎತ್ತಬಲ್ಲವರು ಒಬ್ಬರೂ ಉಳಿದಿಲ್ಲ. ಆ ನಷ್ಟವನ್ನು ನಾನು ತುಂಬಲಾರೆ.

ಕಳೆದ ತಿಂಗಳು ನಮ್ಮ ಸಭೆಯವರು ನೆನಪಿನ ಸಂಚಿಕೆಯೊಂದಕ್ಕೆ ಕಾಕಾನ ಬಗ್ಗೆ ಬರೆಯಲು ಕೇಳಿದರು. ಬರೆದು ಕೊಟ್ಟೆ. ಸಂಚಿಕೆಯ ಕೆಲಸ ನೋಡುವ ಸಭೆಯ ತರುಣನೊಬ್ಬ ಅದನ್ನು ಮರಳಿ ತಂದ; ಬೇಳೆಯ ಮಾತು, ಎತ್ತಿನ ದೀಕ್ಷಾಸ್ನಾನ, ಮೊಣಕಾಲಿನ ಮಾತು, ಎಲ್ಲದರ ಮೇಲೆ ಕೆಂಪು ಗೆರೆ. "ಕಾಕಾನ ಭಕ್ತಿ ಅಷ್ಟ ಇರ್ಲಿ ಸರ್. ಚ್ಯಾಷ್ಟಿ ಯಾಕ?" ಎಂದ.

ಹಾಳೆಗಳನ್ನು ಅವನ ಕೈಯಿಂದ ತೆಗೆದುಕೊಂಡೆ. ಕುಳಿತುಕೋ ಎನ್ನಲಿಲ್ಲ. ಗೆರೆ ಬಿದ್ದ ಒಂದೊಂದು ಸಾಲನ್ನೂ ಇಲ್ಲಿ ಮತ್ತೆ ಬರೆದಿದ್ದೇನೆ. ದೇವರು ಪೂರ್ತಿಯಾಗಿ ತೆಗೆದುಕೊಂಡ ಮನುಷ್ಯನನ್ನು ಅರ್ಧ ಮಾಡಿ ಕೊಡಲು ನಾನು ಒಪ್ಪುವುದಿಲ್ಲ.