ಕ್ವಾರಂಟೈನಿಗೆ ಹೋದ ದನಿ

ಇವತ್ತು ಬೆಳಿಗ್ಗೆ ಕಾಲೇಜಿಗೆ ಬಂದು, ಚಹಾ ಬದಿಗಿಟ್ಟು ಕಂಪ್ಯೂಟರ್ ತೆರೆದರೆ ಪರದೆಯ ಮೂಲೆಯಲ್ಲಿ ಕೆಂಪು ಚೌಕವೊಂದು ಮೇಲೆದ್ದಿತು: ಒಂದು ಫೈಲನ್ನು ಕ್ವಾರಂಟೈನ್ ಮಾಡಲಾಗಿದೆ. ಕೆಳಗೆ ಎರಡು ಗುಂಡಿ. ಅಳಿಸು, ಮರಳಿಸು. ನಿಮ್ಮ ಕಂಪ್ಯೂಟರಿನಲ್ಲೂ ಇದು ಬಂದಿರಬೇಕು, ನೀವು ಓದದೆಯೇ 'ಅಳಿಸು' ಒತ್ತಿರಬೇಕು. ನನಗೆ ಮಾತ್ರ ಆ 'ಕ್ವಾರಂಟೈನ್' ಶಬ್ದ ಕಂಡರೆ ಕೈ ಮುಂದೆ ಹೋಗುವುದಿಲ್ಲ. ಚಹಾ ಆರಿಹೋಯಿತು.

ನಾನು ಕೊಪ್ಪಳದ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್. ಹುದ್ದೆಯ ಹೆಸರಷ್ಟೇ ದೊಡ್ಡದು; ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತಾರಲ್ಲ, ಹಾಗೆ. ನಿಜವಾದ ಕೆಲಸ ಪ್ರಿಂಟರಿನಲ್ಲಿ ಸಿಕ್ಕಿಬಿದ್ದ ಹಾಳೆ ಎಳೆಯುವುದು, ಇಲಿ ಕಡಿದ ವೈರು ಜೋಡಿಸುವುದು. ಒಮ್ಮೆ ಸಿಬ್ಬಂದಿಗೆಲ್ಲ ಕಂಪ್ಯೂಟರ್ ಸುರಕ್ಷತೆಯ ಪಾಠ ಹೇಳು ಎಂದರು. ಫೈರ್‌ವಾಲ್ ಅಂದರೆ ಬೆಂಕಿ ಗೋಡೆ ಎಂದೆ. "ನಮ್ಮ ಬ್ಯಾಸಗಿ ಸಾಲಲಿಲ್ಲಂತ ಬೆಂಕಿ ಗ್ವಾಡಿ ಬ್ಯಾರೆ ಕಟ್ಟೀರೇನ್ರಿ ಸರ?" ಎಂದು ಯಾರೋ ನಗಿಸಿದರು. ವೈರಸ್, ಇನ್ಫೆಕ್ಷನ್, ಕ್ವಾರಂಟೈನ್ ಎಂಬ ಮಾತುಗಳಿಗೆ ಬಂದಾಗ ಯಾರೂ ನಗಲಿಲ್ಲ. ಕೊರೊನಾ ಮುಗಿದು ಆಗ ಬಹಳ ಕಾಲವಾಗಿರಲಿಲ್ಲ. ನಮ್ಮ ಕಸುಬಿನವರು ಆಸ್ಪತ್ರೆಯಿಂದ ಎಷ್ಟೊಂದು ಮಾತು ಎತ್ತಿಕೊಂಡು ಬಂದಿದ್ದಾರೆ ಎಂದು ನನಗೆ ಹೊಳೆದದ್ದೇ ಅವತ್ತು. ಹಿಂದಿನ ಬೆಂಚಿನಿಂದ ಶಾಂತಕ್ಕ ಎದ್ದು ಹೊರಗೆ ಹೋದರು.

ಶಾಂತಕ್ಕ ನಮ್ಮ ಗ್ರಂಥಾಲಯದಲ್ಲಿ ಗುಮಾಸ್ತೆ. ಗಂಡ ಶರಣಪ್ಪ ನವಲಿ ಕಡೆ ಶಾಲೆಯ ಮಾಸ್ತರಾಗಿದ್ದರು. ಕೊರೊನಾ ಬಂದಾಗ ಅವರನ್ನು ಊರಾಚೆಯ ಹಾಸ್ಟೆಲಿಗೆ ಕ್ವಾರಂಟೈನಿಗೆಂದು ಒಯ್ದರು. ಅಲ್ಲಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ನೇರ ಮಣ್ಣಿಗೆ. ಉಳಿದದ್ದು ಹಾಸ್ಟೆಲಿನಿಂದ ಅವರು ಫೋನಿಗೆ ಕಳಿಸಿದ ಒಂದು ದನಿ. ಅದನ್ನು ಶಾಂತಕ್ಕ ಭಾಗ್ಯನಗರದ ಮೊಬೈಲ್ ಅಂಗಡಿಯಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಂಡಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವ ಮುಂಚೆ ಗ್ರಂಥಾಲಯದ ಕಂಪ್ಯೂಟರಿಗೆ ಸಿಕ್ಕಿಸಿ ಒಮ್ಮೆ ಕೇಳುತ್ತಿದ್ದರು. ಪೆನ್‌ಡ್ರೈವು ನಮ್ಮಲ್ಲಿ ನಿಷಿದ್ಧ. ನಾನು ನೋಡಿಯೂ ನೋಡದವನ ಹಾಗೆ ಇರುತ್ತಿದ್ದೆ. ಎಂಥ ಅಡ್ಮಿನಿಸ್ಟ್ರೇಟರ್ ಎಂದು ನೀವೇ ಅಂದಾಜು ಮಾಡಿ.

ಪಾಠವಾದ ಕೆಲವು ದಿನಕ್ಕೆ ಆಕೆ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತರು. ಮುಖ ಬಿಳಚಿಕೊಂಡಿತ್ತು.

"ಸರ, ಕಂಪ್ಯೂಟರ್ ಅವರನ್ನ ಕ್ವಾರಂಟೈನಿಗೆ ಹಾಕೈತ್ರಿ."

"ಫೈಲ್ ಏನ್ರಿ ಅಕ್ಕಾರ?"

"ಹೆಸರ ಅವರದ ಐತ್ರಿ. ಮತ್ತ ಒಯ್ದಾರ್ರಿ. ನೋಡಾಕರ ಬಿಡ್ತಾರೇನ್ರಿ?"

ಓಡಿದೆ. 'ಶರಣಪ್ಪ' ಎಂಬ ಹೆಸರಿನ ಫೈಲು ಬಂಧನದಲ್ಲಿತ್ತು, ನಿಜ. ಆದರೆ ಅದು ದನಿಯ ಫೈಲೇ ಅಲ್ಲ. ಪೆನ್‌ಡ್ರೈವಿನ ವೈರಸ್‌ಗಳಿಗೆ ಒಂದು ಹಳೆಯ ಚಾಳಿಯಿದೆ: ನಿಮ್ಮ ಫೈಲನ್ನು ಕಣ್ಣಿಗೆ ಬೀಳದಂತೆ ಅಡಗಿಸಿ, ಅದರ ಹೆಸರು ಇಟ್ಟುಕೊಂಡು ಅದರ ಜಾಗದಲ್ಲಿ ತಾವು ಕೂರುತ್ತವೆ. ಅಡಗಿದ್ದನ್ನು ಹೊರಗೆ ತಂದೆ. ನಿಜವಾದ ಶರಣಪ್ಪ ಮಾಸ್ತರು ಅಲ್ಲೇ ಇದ್ದರು. ಒತ್ತಿದೆ, ದನಿ ಹೊರಟಿತು.

"ಶಾಂತಾ, ಟವೆಲ್ ಮರತ ಬಂದೀನಿ. ಯಾರ ಕೈಯಾಗರ ಕಳಸು. ನನಗೇನೂ ಆಗಿಲ್ಲ, ನೀ ಉಣ್ಣು."

ಶಾಂತಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಟವೆಲನ್ನು ಆ ದನಿ ಬಂದ ದಿನವೇ ಒಯ್ದು ಹಾಸ್ಟೆಲಿನ ಗೇಟಿನವನ ಕೈಗೆ ಕೊಟ್ಟಿದ್ದರಂತೆ. ಮುಟ್ಟಿತೋ ಇಲ್ಲವೋ ಗೊತ್ತಾಗಲೇ ಇಲ್ಲವಂತೆ. ನನಗೋ ಏನೋ ಗೆದ್ದ ಹಿಗ್ಗು. ಬಂಧನದಲ್ಲಿದ್ದುದನ್ನು ಅಳಿಸುತ್ತ, ಸಮಾಧಾನಕ್ಕೆಂದೇ ಹೇಳಿದೆ: "ಹೆದರಬ್ಯಾಡ್ರಿ ಅಕ್ಕಾರ, ಇದು ಅವರಲ್ಲ. ಹೆಸರಷ್ಟ ಅವರದು, ಒಳಗಿರೋದು ಬ್ಯಾರೆ."

ಅಳು ತಟ್ಟನೆ ನಿಂತಿತು. ಯಾವಾಗಲೂ ಸರ್ ಎನ್ನುತ್ತಿದ್ದವರು ಅವತ್ತು ಮೊದಲ ಸಲ ತಮ್ಮಾ ಎಂದರು.

"ತಮ್ಮಾ, ಆಸ್ಪತ್ರಿಯವರು ಕಟ್ಟಿ ಕೊಟ್ಟ ಆ ಚೀಲದ ಮ್ಯಾಲೂ ಅವರ ಹೆಸರ ಇತ್ತು. ಜಿಪ್ ತಗೀರಿ, ಒಂದ ಸಲ ಮಾರಿ ನೋಡ್ತೀನಿ ಅಂದೆ. ಬಿಡಲಿಲ್ಲ. ಹೆಸರ ನೋಡೇ ಮಣ್ಣ ಹಾಕೀವಿ. ಹಂಗಾದ್ರ ಒಳಗ ಇದ್ದವರು ಯಾರಪಾ?"

ಹಾಗೆಲ್ಲ ತಪ್ಪಾಗುವುದಿಲ್ಲ ಎಂದೆ. ನನಗೇ ಅದು ಟೊಳ್ಳಾಗಿ ಕೇಳಿಸಿತು.

ಆಮೇಲೆ ಆಕೆ ಪೆನ್‌ಡ್ರೈವು ತರಲಿಲ್ಲ. ಕುಷ್ಟಗಿಗೋ ಯಲಬುರ್ಗಾಕ್ಕೋ ಮದುವೆಗೆ ಹೋದರೆ ಬಸ್‌ಸ್ಟ್ಯಾಂಡಿನಲ್ಲಿ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡುತ್ತಾರೆ ಎಂದು ಜೊತೆಗೆ ಹೋದವರು ಹೇಳುತ್ತಾರೆ. ಹುಲಿಗಿಯ ಗುಡಿಯಲ್ಲಿ ಹುಣ್ಣಿಮೆಯ ಗದ್ದಲದೊಳಗೆ ಯಾರದೋ ಹೆಗಲ ಮೇಲಿನ ಟವೆಲ್ ಹಿಡಿದು ನಿಲ್ಲಿಸಿದ್ದನ್ನು ನಾನೇ ಕಂಡಿದ್ದೇನೆ. ತಿರುಗಿದವನು ಬೇರೆ ಯಾರೋ. ಆಕೆ ಕೈ ಬಿಟ್ಟು, ಏನೂ ಆಗದವರಂತೆ ನದಿಯ ಕಡೆಗೆ ನಡೆದರು.

ಇವತ್ತು ಆ ಕೆಂಪು ಚೌಕದ ಮುಂದೆ ಕೂತಿದ್ದಾಗ ಪ್ರಿಂಟ್ ಕೇಳಲು ಬಂದವರು ಅವರೇ. ಪರದೆ ನೋಡಿದರು.

"ಅಳಸ್ತಿಯೇನು ತಮ್ಮಾ?"

"ಹೂಂ ಅಕ್ಕಾರ."

"ಒಂದ ಸಲ ಮಾರಿ ನೋಡಿ ಅಳಸಪಾ."

ಸೋಂಕಿನ ಫೈಲನ್ನು ತೆರೆಯಬಾರದು ಎಂದು ಪಾಠ ಹೇಳಿದವನೇ ನಾನು. ಎದ್ದು ನೆಟ್‌ವರ್ಕಿನ ವೈರು ಕಿತ್ತೆ. ಒಳಗಿನ ವೈರಸ್ ಚಾಲೂ ಆಗದ ಹಾಗೆ, ಅಕ್ಷರಗಳಷ್ಟೇ ಕಾಣುವ ಹಾಗೆ ಫೈಲು ತೆರೆದೆ. ಯಾವ ಭಾಷೆಯದೂ ಅಲ್ಲದ ಗೀಚುಗಳು ಪರದೆ ತುಂಬ ಹರಿದವು. ಶಾಂತಕ್ಕ ಕನ್ನಡಕ ಏರಿಸಿಕೊಂಡು, ಬಗ್ಗಿ, ಕೊನೆಯ ಸಾಲಿನ ತನಕ ನೋಡಿದರು.

"ಯಾರೂ ಇಲ್ಲ," ಎಂದರು. "ಈಗ ಅಳಸು."